ಐಸ್ ಬೀಳೋ ಸದ್ದು, ಒಂದೇ ಒಂದು ಕಂಪ್ಲೇಂಟು

ಅಯ್ಯೋ ಕೇಳ್ರಪ್ಪಾ, ನೀವು ನಂಬಲ್ಲ! ಈಗ, ಅಂದ್ರೆ ಈಗ್ತಾನೇ, ಕೈಗೆ ಮೆತ್ಕೊಂಡಿರೋ ಮುದ್ದೆ ಇನ್ನೂ ಒಣಗಿಲ್ಲ, ನನ್ ಮೇಲೆ ಕಂಪ್ಲೇಂಟ್ ಬಂದಿದೆ. ನನ್ ಮೇಲೆ! ಈ ಬೇಸಿಗೆ ಪೂರ್ತಿ ಒಂದು ಹನಿ ಸೋರದಂಗೆ ಕೆಲಸ ಮಾಡಿರೋನು ನಾನು. ಕಂಪ್ಲೇಂಟ್ ಕೊಟ್ಟೋರು ಯಾರು ಅಂತ ಹೇಳ್ಬಿಟ್ರೆ ನೀವು... ಬೇಡ, ಈಗ್ಲೇ ಹೇಳಲ್ಲ. ಮೊದ್ಲಿಂದ ಹೇಳ್ತೀನಿ, ಇಲ್ಲಾಂದ್ರೆ ನಾನು ಎಂಥಾ ಗ್ರಹಚಾರದಲ್ಲಿ ಸಿಕ್ಕಾಕೊಂಡಿದೀನಿ ಅಂತ ನಿಮಗೆ ಗೊತ್ತಾಗಲ್ಲ. ನನ್ ಕೆಲಸದಲ್ಲಿ ಇಂಥವು ಆಗ್ತಾನೇ ಇರ್ತವೆ ಬಿಡಿ. ಆದ್ರೆ ಇವತ್ತಿಂದು ಎಲ್ಲದಕ್ಕೂ ಅಪ್ಪ.

ನನ್ ಕೆಲಸ ಏನಪ್ಪಾ ಅಂದ್ರೆ ಫ್ರಿಡ್ಜಿಗೆ ನೀರಿನ ಲೈನ್ ಕೊಡೋದು. ಈಗ ಬಂದಿದಾವಲ್ಲ, ಬಾಗಿಲಿಗೆ ಲೋಟ ಒತ್ತಿದ್ರೆ ತಣ್ಣೀರು ಬರೋವು, ಪಕ್ಕಕ್ಕೆ ಒತ್ತಿದ್ರೆ ದಡಬಡ ಅಂತ ಐಸ್ ಬೀಳೋವು, ಅವು. ಅವಕ್ಕೆ ಬರೀ ಕರೆಂಟ್ ಸಾಲಲ್ಲ. ಮನೆ ನೀರಿನ ಲೈನಿಂದ ಬೆರಳಿಗಿಂತ ಸಣ್ಣ ಬಿಳೀ ಪೈಪ್ ಎಳೆದು ಹಿಂದ್ಗಡೆ ಸಿಕ್ಕಿಸ್ಬೇಕು. ಚಿಕ್ಕಬಳ್ಳಾಪುರದಲ್ಲಿ ಅಂಗಡಿ. ಬೈಕಲ್ಲಿ ಟೂಲ್ಸ್ ಬ್ಯಾಗು ಕಟ್ಕೊಂಡು ಇವತ್ತು ಗೌರಿಬಿದನೂರು, ನಾಳೆ ಚಿಂತಾಮಣಿ, ನಾಡಿದ್ದು ಶಿಡ್ಲಘಟ್ಟ.

ಇನ್ನೊಂದು ಹೇಳ್ಬೇಕು, ನಗಬಾರ್ದು. ಪೈಪ್ ಸಿಕ್ಕಿಸಿ, ವಾಲ್ವ್ ತಿರುಗಿಸಿ, ನೀರು ಬಂದು ತಲುಪೋ ತನಕ ಕಾಯ್ಬೇಕಲ್ಲ, ಆ ಹೊತ್ತಲ್ಲಿ ನಂಗೆ ಕನಸು ಬೀಳತ್ತೆ. ಕಣ್ ಬಿಟ್ಕೊಂಡೇ! ಪೈಪಿಗೆ ಕಿವಿ ಕೊಟ್ರೆ ನೀರು ಬರೋದು ಕೇಳ್ಸತ್ತೆ, ಯಾರೋ ದೂರದಿಂದ ಬರಿಗಾಲಲ್ಲಿ ನಡ್ಕೊಂಡು ಬರೋ ಥರ. ಆ ಸದ್ದು ಕೇಳ್ತಾ ಕೇಳ್ತಾ ನಾನು ಅಡುಗೆಮನೇಲಿ ಇರಲ್ಲ, ಎಲ್ಲೋ ಒಂದು ಕೆರೆ ಏರಿ ಮೇಲೆ ಕೂತಿರ್ತೀನಿ. "ಏನಪ್ಪಾ, ಆಯ್ತಾ?" ಅಂತ ಮನೆಯೋರು ಭುಜ ಅಲ್ಲಾಡಿಸಿದಾಗ್ಲೇ ವಾಪಸ್ ಬರೋದು.

ನೆಗ್ಗಿದ ಫ್ರಿಡ್ಜು

ಅಂಗಡಿ ಮೂಲೇಲಿ ಒಂದು ಫ್ರಿಡ್ಜ್ ನಿಂತಿತ್ತು. ಐಸ್ ಬೀಳೋ ಜಾತೀದೇ. ಲಾರಿಯಿಂದ ಇಳಿಸುವಾಗ ಪಕ್ಕ ನೆಗ್ಗಿ ಹೋಗಿ ಯಾರೂ ತಗೋತಿರ್ಲಿಲ್ಲ. ಬೇಸಿಗೆ ಶುರುವಾಗೋಕೆ ಮುಂಚೆ ಓನರ್ ಕರೆದ್ರು.

"ನೋಡೋ, ಹೋದ ವರ್ಷ ಲೈನ್ ಕೊಟ್ಟ ಮನೆಗಳಿಂದೆಲ್ಲ ಬರೀ ಕಂಪ್ಲೇಂಟೇ. ಒಂದು ವಾಷರ್ ಹಾಕೋಕೆ ಚಿಂತಾಮಣಿಗೆ ಹೋಗಿ ಬಂದ್ರೆ ಒಂದು ದಿನ ಮುಗೀತು. ಈ ಸಲ ಲೈನ್ ಕೆಲಸ ಎಲ್ಲಾ ನಿಂದೇ. ಆ ನೆಗ್ಗಿದ್ ಫ್ರಿಡ್ಜು ಈಗ್ಲೇ ನಿಮ್ಮಮ್ಮಂಗೆ ತಗೊಂಡ್ಹೋಗು. ಮಳೆಗಾಲ ಹಿಡಿಯೋ ತನಕ ಅಂಗಡಿ ನಂಬರಿಗೆ ನಿನ್ ಮೇಲೆ ಒಂದೂ ಕಂಪ್ಲೇಂಟ್ ಬರ್ಲಿಲ್ಲ ಅಂದ್ರೆ ಅದು ನಿಮ್ದೇ. ಒಂದು ಬಂತೋ, ಟೆಂಪೋ ಕಳ್ಸಿ ವಾಪಸ್ ತರಿಸ್ಕೋತೀನಿ."

ನಾನು ಹ್ಞೂಂ ಅಂದ್ಬಿಟ್ಟೆ. ಯಾಕೆ ಅನ್ನಲ್ಲ ಹೇಳಿ? ನಮ್ಮಮ್ಮ ಬೆಳಗಾಗೋಕ್ಮುಂಚೆ ಸೇವಂತಿಗೆ ತೋಟಕ್ಕೆ ಹೂ ಬಿಡ್ಸೋಕೆ ಹೋಗ್ತಾಳೆ. ಬಿಸಿಲು ಏರಿದ್ಮೇಲೆ ಬಂದು ಮಡಿಕೆ ನೀರು ಕುಡಿದು, "ಇನ್ನೊಂಚೂರು ತಣ್ಣಗಿದ್ದಿದ್ರೆ" ಅಂತ ಅಷ್ಟೇ ಅನ್ನೋದು. ಅದಕ್ಕಿಂತ ಹೆಚ್ಚು ಏನೂ ಕೇಳೋಳಲ್ಲ.

ಪೆರೇಸಂದ್ರದ ಹತ್ರ ನಮ್ಮೂರು. ಮನೆ ಮುಂದೆ ನಲ್ಲಿ ಇದೆ, ನೀರು ದಿನಾ ಬರಲ್ಲ. ಅದಕ್ಕೆ ಮಾಳಿಗೆ ಮೇಲೆ ನೆರಳು ಮಾಡಿ ಒಂದು ನೀಲಿ ಡ್ರಮ್ ಕೂರ್ಸಿ, ಅಲ್ಲಿಂದ ಪೈಪ್ ಇಳಿಸ್ದೆ. ಮೊದಲ್ನೇ ಸಲ ಒಳಗಡೆ ಐಸ್ ಬಿದ್ದಾಗ ಅಮ್ಮ ಒಲೆ ಮುಂದಿಂದ ಎದ್ದೇ ಬಿಟ್ಲು. "ಯಾರೋ ಅದು ಒಳಗೆ?"

ಆಮೇಲೆ ಒಂದು ಲೋಟ ಹಿಡಿದು, ಕಣ್ ಮುಚ್ಕೊಂಡು, ನಿಧಾನಕ್ಕೆ ಕುಡಿದ್ಲು. "ಮಳೆ ನಿಂತ್ಮೇಲೆ ಸೂರಿಂದ ಬೀಳ್ತಾ ಇರತ್ತಲ್ಲ, ಅದು ಕುಡಿದಂಗಾಯ್ತು ಕಣೋ" ಅಂದ್ಲು. ಆ ಕ್ಷಣದಲ್ಲಿ ತೀರ್ಮಾನ ಮಾಡ್ದೆ, ಏನಾದ್ರೂ ಆಗ್ಲಿ, ಈ ಫ್ರಿಡ್ಜು ವಾಪಸ್ ಹೋಗ್ಬಾರ್ದು. ಓನರ್ ಹಾಕಿದ್ ಷರತ್ತು ಮಾತ್ರ ಹೇಳ್ಲಿಲ್ಲ. ಹೇಳಿದ್ರೆ ಲೋಟ ಒತ್ತೋಕೂ ಹೆದರ್ತಾಳೆ.

ಅಭ್ಯಾಸ ಬಲ, ಬ್ಯಾಗಿಂದ ಅಂಗಡಿ ಸ್ಟಿಕ್ಕರ್ ತೆಗೆದು ಬಾಗಿಲಿಗೆ ಅಂಟಿಸ್ದೆ.

"ಏನೋ ಅದು?"

"ಕಂಪ್ಲೇಂಟ್ ನಂಬರ್ ಅಮ್ಮ. ಇದಕ್ಕೆ ಫೋನ್ ಮಾಡಿದ್ರೆ ಸಾಕು, ಮೆಕ್ಯಾನಿಕ್ ಎಲ್ಲಿದ್ರೂ ಅವತ್ತೇ ಬಾಗಿಲಿಗೆ ಬರ್ಬೇಕು."

"ಎಲ್ಲಿದ್ರೂನಾ?"

"ಎಲ್ಲಿದ್ರೂ. ನಮ್ಮಂಗಡಿ ಅಂದ್ರೆ ಏನಂದ್ಕೊಂಡಿದೀಯ?"

ಅಮ್ಮ ಆ ಸ್ಟಿಕ್ಕರನ್ನ ಒಂದ್ಗಳಿಗೆ ನೋಡಿ, ಒಳಗೋಗಿ ಬಂದು, ಫ್ರಿಡ್ಜ್ ಬಿಟ್ಟು ಸ್ಟಿಕ್ಕರಿಗೆ ಅರಿಶಿನ ಕುಂಕುಮ ಇಟ್ಲು.

ಗೌರಿಬಿದನೂರಿನ ಹಂಡೆ

ಗೌರಿಬಿದನೂರಲ್ಲಿ ಒಬ್ರು ರಿಟೈರ್ಡ್ ಮೇಷ್ಟ್ರು. ಹೊಸದಾಗಿ ಅಡುಗೆಮನೆಗೆ ಟೈಲ್ಸ್ ಹಾಕ್ಸಿದಾರೆ. ನಾನು ಡ್ರಿಲ್ಲಿಂಗ್ ಮಷೀನ್ ಕೈಗೆ ತಗೊಂಡಿದ್ದೇ ತಡ, ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತ್ಬಿಟ್ರು. "ಟೈಲ್ಸ್ ಮುಟ್ಟೋ ಹಂಗಿಲ್ಲ!"

"ಸಾರ್, ಒಂದು ಸಣ್ಣ ತೂತು."

"ನಿನ್ ಹಲ್ಲಲ್ಲಿ ಒಂದು ಸಣ್ಣ ತೂತು ಮಾಡ್ಲಾ?"

ಸರಿ, ಏನ್ ಮಾಡೋದು. ಮಾಳಿಗೆ ಮೇಲಿನ ಟ್ಯಾಂಕಿಂದ ಪೈಪ್ ತಗೊಂಡು, ಮಾಳಿಗೆ ಪೂರ್ತಿ ಸುತ್ತಾಕಿಸಿ, ಕಿಟಕಿಯಿಂದ ಒಳಗಿಳಿಸ್ದೆ. ಮಟಮಟ ಮಧ್ಯಾಹ್ನ, ಕರೀ ಟ್ಯಾಂಕು, ಮಾಳಿಗೆ ಸಿಮೆಂಟಿನ ಮೇಲೆ ಕಾಲಿಡೋಕಾಗಲ್ಲ. ನಾನು ಕೆಳಗೆ ಬಂದು ಪೈಪಿಗೆ ಕಿವಿ ಕೊಟ್ಟು ನನ್ ಕೆರೆ ಏರಿ ಮೇಲೆ ಕೂತ್ಬಿಟ್ಟೆ. ತಂಗಾಳಿ, ಬಾತುಕೋಳಿ, ಎಲ್ಲಾ ಇದೆ ಅಲ್ಲಿ. ಅಷ್ಟರಲ್ಲಿ ಮೇಷ್ಟ್ರು ಬೆಳ್ಳಿ ಲೋಟ ತಂದು ಒತ್ತಿ, ಒಂದು ಗುಟುಕು ಕುಡಿದು, "ಹಾ!" ಅಂತ ಕಿರುಚಿದ್ರು.

ಬಿಸಿ ಅಂದ್ರೆ ಬಿಸಿ! ಫ್ರಿಡ್ಜಿನೊಳಗೆ ಅದು ತಣ್ಣಗಾಗೋಕೆ ಹೊತ್ತು ಬೇಕು, ಇವರು ಲೋಟದ ಮೇಲೆ ಲೋಟ ಹಿಡಿದ್ರೆ ಮಾಳಿಗೆ ನೀರು ನೇರ ಬಂದಂಗೇ. ಮೇಷ್ಟ್ರು ಹೆಂಡ್ತಿ ಬಗ್ಗಿ ನೋಡಿ, "ಏನಪ್ಪಾ, ಸ್ನಾನಕ್ಕೆ ಒಂದು ಬಕೆಟ್ ಹಿಡ್ಕೊಳ್ಳಲಾ?" ಅಂದ್ರು. ಮೇಷ್ಟ್ರು ಆಗ್ಲೇ ಕನ್ನಡಕ ಏರ್ಸಿ ಸ್ಟಿಕ್ಕರಲ್ಲಿ ನಂಬರ್ ಓದ್ತಿದಾರೆ! ನಂಗೆ ಕಣ್ಮುಂದೆ ಬಂದಿದ್ದು ಒಂದೇ, ನಮ್ಮನೆ ಬಾಗಿಲಿಗೆ ಟೆಂಪೋ ಬಂದು ನಿಂತಿರೋದು. "ಸಾರ್, ಸಾರ್, ಒಂದ್ನಿಮಿಷ!" ಅಂತ ಮೇಲಕ್ಕೆ ಓಡ್ದೆ. ಅಲ್ಲಿ ರಾಗಿ ಖಾಲಿಯಾದ ಹಳೇ ಗೋಣಿಚೀಲ ಬಿದ್ದಿದ್ವು. ಅವನ್ನ ನೆನೆಸಿ ಟ್ಯಾಂಕಿಗೆ ಹೊದಿಸ್ದೆ, ಪೈಪಿಗೂ ಉದ್ದಕ್ಕೆ ಸುತ್ತಿದೆ. "ದಿನಾ ನೀರು ಚಿಮುಕಿಸ್ಕೊಳ್ಳಿ ಸಾರ್, ಆಮೇಲೆ ನೋಡಿ" ಅಂತ ಹೇಳಿ ಬಂದೆ.

ವಾರ ಬಿಟ್ಟು ನಾನೇ ಹೆದರ್ಕೊಂಡು ಫೋನ್ ಮಾಡ್ದೆ. ಮೇಷ್ಟ್ರು ದನಿ ಜೇನುತುಪ್ಪ. "ಅಮೃತ ಕಣಯ್ಯಾ! ಕಂಪ್ಲೇಂಟ್ ಏನೂ ಇಲ್ಲ. ಒಂದೇ ಡೌಟು. ಗೋಣಿಚೀಲ ಹಾಕಿದ್ಮೇಲೆ ಮಾಳಿಗೆ ನಲ್ಲೀಲೇ ನೀರು ತಣ್ಣಗೆ ಬರ್ತಿದೆ. ನಾವಿಬ್ರೂ ಈಗ ಅಲ್ಲೇ ಹೋಗಿ ಕುಡೀತೀವಿ. ಹಂಗಾದ್ರೆ ಈ ಫ್ರಿಡ್ಜಲ್ಲಿ ಏನಿಡ್ಲಿ?"

ಹಿಂದಿನಿಂದ ಹೆಂಡ್ತಿ ಕೂಗಿದ್ದು ಕೇಳಿಸ್ತು. "ಮಿಕ್ಕಿರೋ ಟೈಲ್ಸ್ ಇಟ್ಕೊಳ್ಳೋಕೆ ಹೇಳಪ್ಪಾ!"

ಚಿಂತಾಮಣಿ ಎಮ್ಮೆ

ಈ ಫ್ರಿಡ್ಜಲ್ಲಿ ಒಂದು ಫಿಲ್ಟರ್ ಇರತ್ತೆ, ಒಳಗೆ ಇದ್ದಿಲ ಪುಡಿ. ಹೊಸದಾಗಿ ಲೈನ್ ಕೊಟ್ಟಾಗ ಮೊದಲು ಬರೋ ನೀರು ಸ್ವಲ್ಪ ಕಪ್ಪಗಿರತ್ತೆ. ಎರಡು ಮೂರು ಬಿಂದಿಗೆಯಷ್ಟು ಹಿಡಿದು ಚೆಲ್ಲಿ ಅಂತ ರೂಲ್ಸು. ಆ ರೂಲ್ಸ್ ಬರೆದೋನು ಯಾವತ್ತೂ ಚಿಂತಾಮಣಿ ಕಡೆ ಬಂದಿಲ್ಲ ಅಂತ ನಂಗೆ ಅವತ್ತು ಗೊತ್ತಾಯ್ತು.

ಅದು ಎಮ್ಮೆ ಕಟ್ಟಿದ್ದ ಒಬ್ರು ಅಕ್ಕನ ಮನೆ. ನಾನು ಪೈಪ್ ಸಿಕ್ಕಿಸಿ, "ಅಕ್ಕಾ, ಮೊದಲ್ನೇ ನೀರು ಚೆಲ್ಬಿಡಿ" ಅಂದೆ. ಅಕ್ಕ ನನ್ನ ನೋಡಿದ್ ನೋಟ! ನಾನೇನೋ ಮಗೂನ ಚೆಲ್ಲಿ ಅಂದಂಗೆ.

"ನೀಳ್ಳು ಪಾರಬೋಸ್ತಾರಾ ಎವರನ್ನಾ?" ಅಂತ ತೆಲುಗಲ್ಲಿ ಶುರು ಮಾಡಿ, "ನೀರು ಚೆಲ್ತಾರೇನೋ ಯಾರಾದ್ರೂ? ಯಾವೂರಪ್ಪಾ ನಿಂದು?" ಅಂತ ಕನ್ನಡದಲ್ಲಿ ಮುಗ್ಸಿದ್ರು.

ಮನೇಲಿರೋ ಪಾತ್ರೆ ಎಲ್ಲಾ ಸಾಲಾಗಿ ಬಂದ್ವು. ಬಿಂದಿಗೆ, ತಪ್ಪಲೆ, ಕುಕ್ಕರ್, ಇಡ್ಲಿ ಪಾತ್ರೆ ತಳ. ಮೊದಲ್ನೇ ಬಿಂದಿಗೆ ಕರಿಬೇವಿನ ಗಿಡಕ್ಕೆ. ಎರಡ್ನೇದು ಅಂಗಳ ಸಾರ್ಸೋಕೆ. ಮೂರ್ನೇದು ಪಕ್ಕದ್ಮನೆಯೋರು ಗಾರೆ ಕಲ್ಸೋಕೆ ಬೇಕು ಅಂತ ಗೋಡೆ ಮೇಲಿಂದ್ಲೇ ಇಸ್ಕೊಂಡ್ರು. ಕೊನೇದು ಎಮ್ಮೆಗೆ ಇಟ್ರು. ಎಮ್ಮೆ ಮೂಸಿ ನೋಡಿ, ಮುಖ ತಿರುಗಿಸ್ಕೊಂಡು ನನ್ನೇ ನೋಡ್ತು. ಅಕ್ಕ ಅಂದ್ರು, "ನೋಡ್ದಾ? ನೀನು ಕೊಟ್ಟ ನೀರು ನಮ್ಮೆಮ್ಮೆಗೇ ಸೇರ್ಲಿಲ್ಲ."

ಅಷ್ಟಕ್ಕೇ ಮುಗಿದಿದ್ರೆ ಚೆನ್ನಾಗಿತ್ತು. ಆ ಮನೇಲಿ ಫ್ರಿಡ್ಜ್ ಇಟ್ಟಿರೋ ಗೋಡೆ ಆಚೆಗೇ ಕೊಟ್ಟಿಗೆ. ಒಳಗೆ ಐಸ್ ಬಿದ್ದಾಗೆಲ್ಲ ದಡಬಡ ಸದ್ದು ಆಚೆಗೆ ಕೇಳತ್ತೆ. ಅಕ್ಕ ಹಾಲು ಕರೆಯೋಕೆ ಕೂತಾಗ ಒಂದೆರಡು ಸಲ ಐಸ್ ಬಿದ್ದಿದೆ, ಎಮ್ಮೆ ಕಿವಿ ನಿಮಿರ್ಸಿ ಹಾಲು ಇಳಿಸಿದೆ, ಅದಕ್ಕೆ ಅದೇ ಅಭ್ಯಾಸ ಆಗೋಗಿದೆ. ಹದಿನೈದು ದಿನಕ್ಕೆ ನಂಗೆ ಫೋನು, ಪುಣ್ಯಕ್ಕೆ ಅಂಗಡಿಗಲ್ಲ, ನನ್ ನಂಬರಿಗೇ.

"ಕಂಪ್ಲೇಂಟ್ ಅಲ್ಲ ನಾಯನಾ, ಸುಮ್ನೆ ಕೇಳ್ತೀನಿ. ನಿನ್ನೆಯಿಂದ ಐಸ್ ಬೀಳ್ತಿಲ್ಲ. ಎಮ್ಮೆ ಹಾಲು ಕೊಡ್ತಿಲ್ಲ. ಡೈರಿಯೋರು ಬಂದು ವಾಪಸ್ ಹೋದ್ರು. ನಾಳೆ ಬೆಳಿಗ್ಗೆನೂ ಹಿಂಗೇ ಆದ್ರೆ ಆ ಸ್ಟಿಕ್ಕರ್ ನಂಬರಿಗೆ ಮಾಡ್ತೀನಿ."

ನಾನು ಊಟ ಬಿಟ್ಟು ಬೈಕ್ ಏರ್ದೆ. ದಾರಿ ಪೂರ್ತಿ ನಂದು ಒಂದೇ ಯೋಚನೆ, ಎಮ್ಮೆ ಹಾಲು ಕೊಡದೆ ಇರೋದಕ್ಕೆ ಯಾವ ಸ್ಪೇರ್ ಪಾರ್ಟ್ ಹಾಕೋದು? ಹೋಗಿ ನೋಡಿದ್ರೆ ಏನೂ ಕೆಟ್ಟಿಲ್ಲ! ಐಸ್ ಡಬ್ಬ ತುಂಬಿದೆ. ತುಂಬಿದ್ರೆ ತಾನೇ ನಿಂತ್ಹೋಗತ್ತೆ. ಇವರ ಮನೇಲಿ ಐಸ್ ಯಾರೂ ಉಪಯೋಗ್ಸಲ್ಲ, ನೆಗಡಿ ಆಗತ್ತಂತೆ. "ಅಕ್ಕಾ, ಡಬ್ಬ ಖಾಲಿ ಮಾಡ್ತಾ ಇರಿ" ಅಂದೆ.

"ಖಾಲಿ ಮಾಡಿ ಎಲ್ಲಿ ಹಾಕ್ಲಿ? ಚೆಲ್ಲು ಅಂತೀಯಾ ಮತ್ತೆ?"

"ಎಮ್ಮೆ ಬಾನಿಗೆ ಹಾಕಿ ಅಕ್ಕಾ."

ಈಗ ಆ ಎಮ್ಮೆ ಬೇಸಿಗೇಲಿ ಐಸ್ ವಾಟರ್ ಕುಡಿಯತ್ತೆ. ಅಕ್ಕ ಮಾತ್ರ ಇವತ್ತಿಗೂ ಮಡಿಕೆ ನೀರೇ.

ಬಲಗಡೆ ಬಿದ್ರೆ ವರ

ಇದು ಚಿಕ್ಕಬಳ್ಳಾಪುರದಲ್ಲೇ, ನಮ್ಮಂಗಡಿಯಿಂದ ಎರಡು ಬೀದಿ ಆಚೆ. ಆ ಮನೇಲಿ ಒಬ್ರು ಅಜ್ಜಿ, ಅವರ ಸೊಸೆ. ದೇವರ ಮುಂದೆ ಏನಾದ್ರೂ ಕೇಳ್ಕೊಂಡಾಗ ಹೂ ಬಲಗಡೆ ಬಿದ್ರೆ ವರ, ಎಡಗಡೆ ಬಿದ್ರೆ ಬೇಡ ಅಂತ ನಮ್ ಕಡೆ ಲೆಕ್ಕ ಅಲ್ವಾ. ಅಜ್ಜಿ ಏನ್ ಮಾಡಿದಾರೆ, ಫ್ರಿಡ್ಜಿಗೆ ನೀರು ಬಂದ ದಿನ ಗಂಗೆ ಪೂಜೆ ಅಂತ ಕರ್ಪೂರ ಹಚ್ಚಿ, ಕೆಳಗೆ ಹಿತ್ತಾಳೆ ತಟ್ಟೆ ಹಿಡಿದು, ಕಣ್ಮುಚ್ಚಿ ಒಂದು ಮಾತು ಕೇಳ್ಕೊಂಡು ಒತ್ತಿದಾರೆ. ಐಸ್ ತುಂಡು ದಡ್ ಅಂತ ಬಂದು ತಟ್ಟೆ ಎಡಗಡೆ ಬಿದ್ದಿದೆ. ಅಲ್ಲಿಂದ ಆ ಮನೆ ತೀರ್ಮಾನ ಎಲ್ಲಾ ಫ್ರಿಡ್ಜೇ ಮಾಡೋದು.

ಸೊಸೆ ನನ್ನ ಕರೆಸಿ, ಪಾತ್ರೆ ತೊಳೆಯೋ ಜಾಗಕ್ಕೆ ಎಳ್ಕೊಂಡ್ಹೋಗಿ ಪಿಸುಗುಟ್ಟಿದ್ರು. "ನೋಡಪ್ಪಾ, ಅತ್ತೆ ಒಂದು ತಿಂಗಳು ಮಗಳ ಮನೆಗೆ ಹೋಗಿ ಬರ್ತೀನಿ ಅಂತಿದ್ರು. ದಿನಾ ಫ್ರಿಡ್ಜನ್ನ ಕೇಳ್ತಾರೆ, ದಿನಾ ಎಡಗಡೇನೇ ಬೀಳತ್ತೆ. ದೇವರು ಬೇಡ ಅಂತಿದಾನೆ ಅಂತ ಇಲ್ಲೇ ಕೂತಿದಾರೆ. ಏನಾದ್ರೂ ಮಾಡು, ಇಲ್ಲಾಂದ್ರೆ ಅಂಗಡಿಗೆ ಫೋನ್ ಮಾಡ್ತೀನಿ."

ಅಂಗಡಿಗೆ! ನಂಗೆ ಮತ್ತೆ ಟೆಂಪೋ ಕಾಣ್ಸ್ತು. ರಸಮಟ್ಟ ತಗೊಂಡು ಇಟ್ಟು ನೋಡ್ದೆ. ಹೌದು! ನೆಲ ಒಂಚೂರು ಇಳಿಜಾರು, ಫ್ರಿಡ್ಜ್ ಎಡಕ್ಕೆ ವಾಲಿದೆ. ಐಸ್ ಇನ್ನೆಲ್ಲಿ ಬೀಳತ್ತೆ? ಕೆಳಗಿನ ಕಾಲು ತಿರುಗಿಸಿ ಎತ್ತರ ಮಾಡಿದ್ರೆ ಆಯ್ತು ಅಂತ ನೆಲಕ್ಕೆ ಮಲಗಿ ಸ್ಪ್ಯಾನರ್ ಹಾಕ್ದೆ. ಯಾರೋ ನನ್ ಕಾಲು ಚಿವುಟಿದ್ರು. ಎದ್ದು ನೋಡಿದ್ರೆ ಅಜ್ಜಿ.

"ಏನ್ ಮಾಡ್ತಿದೀಯ ಮಗಾ?"

"ಫ್ರಿಡ್ಜ್ ವಾಲಿದೆ ಅಜ್ಜಿ. ಸರಿ ಮಾಡ್ತೀನಿ."

ಅಜ್ಜಿ ಸೊಸೆ ಇರೋ ಕಡೆ ಒಂದ್ಸಲ ಕಣ್ಣಾಡಿಸಿ, ಕಿವಿ ಹತ್ರ ಬಂದು ಹೇಳಿದ್ರು. "ಸುಮ್ನಿರೋ. ವಾಲಿರೋದು ಮೊದಲ್ನೇ ದಿನಾನೇ ನಂಗೆ ಗೊತ್ತು. ಅದಕ್ಕೇ ನಾನು ನಂಗೆ ಇಷ್ಟ ಇಲ್ಲದೇ ಇರೋದನ್ನ ಮಾತ್ರ ಕೇಳೋದು."

ನಾನು ಸ್ಪ್ಯಾನರನ್ನ ಬ್ಯಾಗಿಗೆ ಹಾಕ್ಕೊಂಡು, ಸೊಸೆ ಹತ್ರ ಹೋಗಿ, "ಅಕ್ಕಾ, ಮಷೀನಲ್ಲಿ ಏನೂ ತೊಂದ್ರೆ ಇಲ್ಲ, ಅದು ದೇವರಿಷ್ಟ" ಅಂದೆ. ಅಜ್ಜಿ ನಂಗೆ ಎರಡು ಕೋಡುಬಳೆ ಕೊಟ್ಟು ಕಳ್ಸಿದ್ರು. ಬಲಗೈಗೇ.

ಶಿಡ್ಲಘಟ್ಟದ ರೇಷ್ಮೆಗೂಡಿನ ಭಾಗ್ಯ

ಶಿಡ್ಲಘಟ್ಟದಲ್ಲಿ ಮನೆ ಹಿಂದೇನೇ ಗೂಡು ಬೇಯ್ಸಿ ರೇಷ್ಮೆ ನೂಲು ತೆಗೆಯೋ ಅಣ್ಣ ಒಬ್ರು. ನೀರು ಒಳ್ಳೇದಿದ್ರೆ ನೂಲಿಗೆ ಹೊಳಪು ಜಾಸ್ತಿ ಅಂತ ಅವರ ನಂಬಿಕೆ. ನಾನು ಲೈನ್ ಕೊಟ್ಟು, ಮೊದಲ್ನೇ ಲೋಟ ಹಿಡಿದು ಕೊಟ್ಟೆ. ಅಣ್ಣ ಕುಡೀಲಿಲ್ಲ. ಬೆಳಕಿಗೆ ಹಿಡಿದ್ರು, ಬೆರಳು ಅದ್ದಿ ಉಜ್ಜಿದ್ರು, ಮುಖದಲ್ಲಿ ಒಂಥರಾ ಕಳೆ ಬಂತು. ನಂಗೆ ಆಗ್ಲೇ ಅನುಮಾನ.

ಸ್ವಲ್ಪ ದಿನಕ್ಕೆ ಅಣ್ಣನ ಹೆಂಡ್ತಿ, ಅತ್ತಿಗೆ ಅಂತೀನಿ, ಫೋನ್ ಮಾಡಿ ಅಂದ್ರು, "ಬಂದು ನೋಡಪ್ಪಾ ನಿನ್ ಕಣ್ಣಾರೆ. ನಾನು ಹೇಳಿದ್ರೆ ಯಾರೂ ನಂಬಲ್ಲ." ಹೋದೆ. ಅಣ್ಣ ಫ್ರಿಡ್ಜ್ ಮುಂದೆ ಸ್ಟೂಲ್ ಹಾಕ್ಕೊಂಡು ಕೂತಿದಾರೆ. ಒಂದು ಕೈಲಿ ಚೊಂಬು ಒತ್ತಿ ಹಿಡಿದಿದಾರೆ. ತುಂಬಿದ್ರೆ ಬಕೆಟ್ಟಿಗೆ, ಬಕೆಟ್ ತುಂಬಿದ್ರೆ ಹಿಂದಿನ ಶೆಡ್ಡಿಗೆ, ಅಲ್ಲಿ ಕುದಿಯೋ ನೀರಿಗೆ. ಫ್ರಿಡ್ಜು ಪಾಪ ಕಷ್ಟಪಟ್ಟು ತಣ್ಣಗೆ ಮಾಡತ್ತೆ, ಒಲೆ ಕಷ್ಟಪಟ್ಟು ಬಿಸಿ ಮಾಡತ್ತೆ.

"ಫಿಲ್ಟರ್ ನೀರು ಕಣಪ್ಪಾ!" ಅಣ್ಣನ ಕಣ್ಣು ಮಿನುಗ್ತಿದೆ. "ನೂಲು ನೋಡು ಬಾ!"

ನೋಡ್ದೆ. ಸುಳ್ಳು ಹೇಳಲ್ಲ, ಆ ಬೆಳಕಿಗೆ ಆ ನೂಲು ನೀರೇ ದಾರ ಆದಂಗೆ ಇತ್ತು. ನಂಗೆ ಕನಸು ಹಿಡೀತು ನೋಡಿ, ನಮ್ಮಮ್ಮ ಲೋಟ ಒತ್ತಿದಾಳೆ, ನೀರಿನ ಬದ್ಲು ರೇಷ್ಮೆ ಎಳೆ ಬರ್ತಿದೆ, ಅವಳು ಅದನ್ನ ಸೇವಂತಿಗೆ ಕಟ್ಟೋಕೆ ಸುತ್ಕೋತಿದಾಳೆ... "ಏಯ್!" ಅಂತ ಅತ್ತಿಗೆ ಚಿಟಿಕೆ ಹೊಡೆದ್ರು. "ನೀನೂ ಅವರ ಪಾರ್ಟೀನಾ? ನಾವು ಮಕ್ಕಳು ಮರಿ ಕುಡಿಯೋದು ಬೋರ್ ನೀರು. ಹುಳದ ಗೂಡಿಗೆ ಫಿಲ್ಟರ್ ನೀರು! ನಾನೀಗ ಅಂಗಡಿಗೆ ಫೋನ್ ಮಾಡ್ತೀನಿ."

"ಅತ್ತಿಗೇ, ಬೇಡಿ, ಕೈ ಮುಗೀತೀನಿ" ಅಂತ ಹೇಳಿ, ಪೈಪಿಗೆ ಒಂದು ಕವಲು ಹಾಕಿ, ಬೇರೆ ಫಿಲ್ಟರ್ ಕೂರ್ಸಿ ಶೆಡ್ಡಿಗೆ ಅದರದ್ದೇ ಲೈನ್ ಕೊಟ್ಟೆ. ಅಣ್ಣ ಸಮಾಧಾನ ಮಾಡೋಕೆ ಹೋದ್ರು. "ಯಾಕೆ ಕೋಪ? ಆ ನೂಲೇ ಒಂದಿನ ನಿನ್ ಮೈಮೇಲೆ ಸೀರೆಯಾಗಿ ಬರತ್ತಲ್ಲ."

"ಮದುವೆಯಾದಾಗಿಂದ ಬರ್ತಾನೇ ಇದೆ. ಇನ್ನೂ ಬಸ್‌ಸ್ಟ್ಯಾಂಡ್ ದಾಟಿಲ್ಲ."

ಕಂಪ್ಲೇಂಟು

ಹಿಂಗೆ ಬೇಸಿಗೆ ಪೂರ್ತಿ ದಾಟಿಸ್ದೆ ಕಣ್ರೀ! ಊಟ ಬಿಟ್ಟು, ನಿದ್ದೆ ಬಿಟ್ಟು. ಮಧ್ಯಾಹ್ನ ಎಲ್ಲಾ ಬೇಕರಿ ಬನ್ನೇ. ಅಮ್ಮ ದಿನಾ ಬೆಳಿಗ್ಗೆ ಕೇಳೋಳು, "ಮಧ್ಯಾಹ್ನ ಊಟಕ್ಕೆ ಬರ್ತೀಯೇನೋ?" ನಾನು ಬೈಕ್ ಕಿಕ್ ಹೊಡೀತಾ, "ಇವತ್ತಾಗಲ್ಲ ಅಮ್ಮ, ನಾಳೆ ನೋಡಣ" ಅನ್ನೋದು. ಅವಳ ಫ್ರಿಡ್ಜ್ ಉಳಿಸೋಕೇ ಓಡಾಡ್ತಿದೀನಿ ಅಂತ ಹೇಳೋ ಹಂಗಿಲ್ಲವಲ್ಲ.

ನಿನ್ನೆ ಸಂಜೆ ಮೋಡ ಕಟ್ತು. ದ್ರಾಕ್ಷಿ ತೋಟದ ಕಡೆಯಿಂದ ಮಣ್ಣಿನ ವಾಸನೆ. ಇನ್ನೊಂದು ಮಳೆ, ಒಂದೇ ಒಂದು ಒಳ್ಳೇ ಮಳೆ, ಫ್ರಿಡ್ಜು ನಮ್ದೇ! ಇವತ್ತು ಬೆಳಿಗ್ಗೆ ಮುದ್ದೇನಹಳ್ಳಿ ಕಡೆ ಒಂದು ಮನೇಲಿ ಪೈಪಿಗೆ ಕಿವಿ ಕೊಟ್ಟು ಕೆರೆ ಏರಿ ಮೇಲೆ ಕೂತಿದ್ದೆ, ಅಲ್ಲೂ ಮಳೆ ಬರ್ತಿತ್ತು. ಆಗ ಓನರ್ ಫೋನು.

"ಬಂತಲ್ಲೋ."

"ಮಳೆನಾ ಅಣ್ಣ?"

"ಕಂಪ್ಲೇಂಟು! ಪೆರೇಸಂದ್ರ ಕಡೆಯಿಂದ ಒಂದು ಹೆಂಗಸು ಫೋನ್ ಮಾಡಿದ್ಲು. 'ನಿಮ್ ಮೆಕ್ಯಾನಿಕ್ ಫ್ರಿಡ್ಜ್ ಹಾಕಿ ಹೋದೋನು ಆಮೇಲೆ ತಿರುಗಿ ನೋಡ್ಲಿಲ್ಲ, ಇವತ್ತು ಮಧ್ಯಾಹ್ನದೊಳಗೆ ಬರ್ಲೇಬೇಕು' ಅಂತ ಒಂದೇ ಸಮ ಬೈದ್ಲು. ಹೆಸರು ಕೇಳೋಷ್ಟರಲ್ಲಿ ಇಟ್ಬಿಟ್ಲು. ಮೊದ್ಲು ಹೋಗಿ ನೋಡ್ಕೊಂಡು ಬಾ."

ಬೈಕ್ ಏರ್ದೆ. ಪೆರೇಸಂದ್ರ ಕಡೆ ನಾನು ಯಾರಿಗೆ ಲೈನ್ ಕೊಟ್ಟೆ? ಬೈಕ್ ಓಡಿಸ್ತಾ ಒಂದೊಂದೇ ಮನೆ ನೆನಪು ಮಾಡ್ಕೋತೀನಿ, ಹೈವೇ ಪಕ್ಕದಲ್ಲಿ ನೀಲಗಿರಿ ಮರ ಹಿಂದಕ್ಕೆ ಹೋಗ್ತವೆ, ಒಂದೂ ಹೊಳೀತಿಲ್ಲ. ಪೆರೇಸಂದ್ರ ಬಂತು. ಆಗ ಹೊಳೀತು. ಆ ಕಡೆ ನಾನು ಲೈನ್ ಕೊಟ್ಟಿರೋದು ಒಂದೇ ಒಂದು ಮನೆಗೆ.

ಬಾಗಿಲು ತೆಗೆದೇ ಇತ್ತು. ಪಕ್ಕದ್ಮನೆ ಫೋನು ಇನ್ನೂ ಕಟ್ಟೆ ಮೇಲಿದೆ. ಅಮ್ಮ ಮಣೆ ಹಾಕಿ, ತಟ್ಟೆ ಇಟ್ಟು, ಸೆರಗಲ್ಲಿ ಕೈ ಒರೆಸ್ಕೋತಾ ನಿಂತಿದಾಳೆ.

"ಅಮ್ಮಾ! ನೀನೇನಾ? ಏನಾಗಿದೆ ಫ್ರಿಡ್ಜಿಗೆ?"

"ಅದಕ್ಕೇನಾಗಿದೆ? ಚೆನ್ನಾಗಿದೆ. ಕೈ ತೊಳ್ಕೊ, ಮುದ್ದೆ ಆರೋಗತ್ತೆ. ಮಸ್ಸೊಪ್ಪು ಮಾಡಿದೀನಿ."

"ಮತ್ತೆ ಕಂಪ್ಲೇಂಟ್ ಯಾಕೆ ಕೊಟ್ಟೆ?"

"ನೀನೇ ಹೇಳಿದ್ಯಲ್ಲೋ, ಆ ನಂಬರಿಗೆ ಮಾಡಿದ್ರೆ ಎಲ್ಲಿದ್ರೂ ಅವತ್ತೇ ಬರ್ಬೇಕು ಅಂತ. ಊಟಕ್ಕೆ ಬಾ ಅಂದ್ರೆ ಬರಲ್ಲ. ಕಂಪ್ಲೇಂಟ್ ಅಂದ್ರೆ ಬಂದ್ಯಲ್ಲ!" ಅಂತ ಹೇಳಿ, ಲೋಟ ಒತ್ತಿ ತಣ್ಣೀರು ಹಿಡಿದು ತಟ್ಟೆ ಪಕ್ಕ ಇಟ್ಲು. ಮುಖದಲ್ಲಿ ಏನ್ ಖುಷಿ ಅಂತೀರ! "ಒಳ್ಳೇ ಅಂಗಡಿ ಕಣೋ ನಿಮ್ದು. ನಾಳೆನೂ ಮಾಡ್ತೀನಿ."

ನಾನು ಕೂತೆ. ಮುದ್ದೆ ಮುರ್ದೆ. ಮೊದಲ್ನೇ ತುತ್ತು ಬಾಯಿಗೆ ಹೋಗ್ಬೇಕು, ಓನರ್ ಫೋನು.

"ಹೋದ್ಯೇನೋ? ನಿಜವಾದ ಕಂಪ್ಲೇಂಟಾ, ಸುಮ್ಸುಮ್ನೆ ಕೊಟ್ಟಿದ್ದಾ? ನಿಜ ಆದ್ರೆ ಮಾತು ಮಾತೇ, ಈಗ್ಲೇ ಟೆಂಪೋ ಕಳಿಸ್ತೀನಿ. ಸುಮ್ಸುಮ್ನೆ ಆದ್ರೆ ಆ ಹೆಂಗಸಿಗೆ ಫೋನ್ ಕೊಡು, ಇನ್ನೊಂದ್ಸಲ ನಮ್ ನಂಬರ್ ಮುಟ್ಟಬಾರ್ದು, ಹಂಗೆ ಬೈತೀನಿ!"

ಅಮ್ಮ ಮುಂದೇನೇ ಕೂತಿದಾಳೆ. "ಯಾರೋ ಅದು? ಓನರ್ರಾ? ಕೊಡು, ನಾನೇ ಮಾತಾಡ್ತೀನಿ, ಇವತ್ತು ಸಾಯಂಕಾಲದ ತನಕ ರಿಪೇರಿ ಇದೆ ಅಂತ ಹೇಳ್ತೀನಿ" ಅಂತ ಕೈ ಚಾಚಿದಾಳೆ. ಹಿಂದೆ ನೆಗ್ಗಿದ್ ಫ್ರಿಡ್ಜಲ್ಲಿ ದಡಬಡ ಅಂತ ಐಸ್ ಬಿತ್ತು. ಮಾಳಿಗೆ ಮೇಲೆ ಡ್ರಮ್ಮಿಗೆ ಟಪ್ ಅಂತ ಒಂದು ಹನಿ ಬಿತ್ತು. ಒಂದೇ ಹನಿ. ನಾನು "ಅಣ್ಣಾ, ಸಿಗ್ನಲ್ ಇಲ್ಲ" ಅಂತ ಕಟ್ ಮಾಡಿ, ಎಡಗೈಲಿ ಫೋನು, ಬಲಗೈಲಿ ಮುದ್ದೆ ಹಿಡ್ಕೊಂಡು ಹಂಗೇ ಜಗಲಿಗೆ ಓಡ್ಬಂದಿದೀನಿ. ಅಗೋ, ಮತ್ತೆ ರಿಂಗಾಗ್ತಿದೆ. ಬೇಗ ಹೇಳ್ರಪ್ಪಾ, ನೀವಾಗಿದ್ರೆ ಏನ್ ಮಾಡ್ತಿದ್ರಿ?